ಮೊಳೆ ಕೀಳುವ ಕೂಲಿ ಯಾರ ಲೆಕ್ಕಕ್ಕೆ?

ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ತಾರಸಿಯನ್ನು ಹೊತ್ತು ನಿಲ್ಲುವ ಹಲಗೆಗಳನ್ನು, ಬಿಚ್ಚಿದ ಮರುದಿನ ಕಟ್ಟಡದೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಬೂದು ಬಣ್ಣ. ತಾರಸಿಯ ತಳದಿಂದ ಉದುರಿದ ಸಿಮೆಂಟಿನ ಚಕ್ಕೆ, ಅದರ ಧೂಳು, ಧೂಳು ಹೊದ್ದು ಮಲಗಿದ ಹಲಗೆಗಳು. ನೆಲ ಯಾವುದು, ಹಲಗೆ ಯಾವುದು ಎಂದು ಬಗ್ಗಿ ನೋಡಿದರಷ್ಟೇ ತಿಳಿಯುತ್ತದೆ. ಇನ್ನೂ ಬಗ್ಗಿದರೆ ಹಲಗೆಯಿಂದ ಮೇಲಕ್ಕೆ ಎದ್ದುನಿಂತ ಮೊಳೆಗಳು ಕಾಣುತ್ತವೆ. ಎರಡೂವರೆ ಇಂಚಿನವು, ಸಾಲಾಗಿ ಮೂರೋ ನಾಲ್ಕೋ. ಅವಕ್ಕೂ ಅದೇ ಬಣ್ಣ. ಅಂದು ಬೆಳಿಗ್ಗೆ ಅಲ್ಲಿಗೆ ಬರುವವನು ಪ್ಲಂಬರನ ಜೊತೆಯ ಹುಡುಗ. ಹೆಗಲ ಮೇಲೆ ಹತ್ತು ಅಡಿಯ ಪೈಪು, ಕಣ್ಣು ಪೈಪಿನ ತುದಿಯ ಮೇಲೆ, ಕಾಲಲ್ಲಿ ಹವಾಯಿ ಚಪ್ಪಲಿ.

ಮೊಳೆ ಬಿಟ್ಟುಹೋದವನು ಆ ಹೊತ್ತಿಗೆ ಬೇರೊಂದು ಬಡಾವಣೆಯಲ್ಲಿ ಬೇರೊಂದು ತಾರಸಿಗೆ ಹಲಗೆ ಹೊಡೆಯುತ್ತಿರುತ್ತಾನೆ.

ಮೊಳೆ ಚುಚ್ಚಿದಾಗ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ 'ತುಕ್ಕು ಹಿಡಿದಿತ್ತೇ?' ಎಂಬುದು. ಧನುರ್ವಾಯುವಿಗೂ ತುಕ್ಕಿಗೂ ನೇರ ಸಂಬಂಧವಿಲ್ಲ. ಆ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುವಂಥದ್ದು. ಗಾಳಿಯಾಡದ, ಆಳವಾದ, ಸಣ್ಣ ಬಾಯಿಯ ಗಾಯ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಂಗಡಿಯಿಂದ ನಿನ್ನೆ ತಂದ ಮೊಳೆಯೂ ಮಣ್ಣು ಮೆತ್ತಿಕೊಂಡಿದ್ದರೆ ಅಷ್ಟೇ ಅಪಾಯ. ರಕ್ತ ಹೆಚ್ಚು ಬರಲಿಲ್ಲವೆಂದು ಸಿಮೆಂಟಿನ ನೀರಿನಲ್ಲೇ ಕಾಲು ತೊಳೆದು ಕೆಲಸಕ್ಕೆ ಮರಳುವವರನ್ನು ನಾನು ಎಷ್ಟೋ ಸಲ ಬೈದು ಆಸ್ಪತ್ರೆಗೆ ಕಳುಹಿಸಿದ್ದೇನೆ.

ಕಟ್ಟಡಗಳ ಉಸ್ತುವಾರಿಯೇ ನನ್ನ ಕಸುಬು. ಸೈಟು ಗಲೀಜಾಗಿರುವುದಕ್ಕೆ 'ನಮ್ಮ ಜನಕ್ಕೆ ಶಿಸ್ತಿಲ್ಲ' ಎಂಬ ವಿವರಣೆಯನ್ನು ಕೇಳುತ್ತಲೇ ಬಂದಿದ್ದೇನೆ. ಮೊದಮೊದಲು ನಂಬಿಯೂ ಇದ್ದೆ. ಆದರೆ ಸೈಟಿನ ಮೂಲೆಯ ತಗಡಿನ ಶೆಡ್ಡುಗಳನ್ನು ಇಣುಕಿ ನೋಡಿ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಬೆಳಗಿನಿಂದ ಸಂಜೆಯವರೆಗೆ ಬಾಂಡ್ಲಿ ಹೊರುವ ಹೆಂಗಸು ತನ್ನ ಹತ್ತು ಅಡಿ ಜಾಗವನ್ನು ಸಾರಿಸಿ, ಬಾಗಿಲಿಗೆ ಎರಡು ಎಳೆ ರಂಗೋಲಿ ಇಟ್ಟು, ಬೆಳಗಿದ ಪಾತ್ರೆಗಳನ್ನು ಸಾಲಾಗಿ ಕವುಚಿ ಹಾಕಿರುತ್ತಾಳೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ ಮೊಳೆಯ ಹಲಗೆ ಬಿದ್ದಿದ್ದರೆ ಅದರ ಕಾರಣವನ್ನು ದರಪಟ್ಟಿಯಲ್ಲಿ ಹುಡುಕಬೇಕು.

ನಮ್ಮಲ್ಲಿ ಮನೆ, ಸಣ್ಣ ಅಪಾರ್ಟ್‌ಮೆಂಟುಗಳ ಕೆಲಸವೆಲ್ಲ ತುಂಡು ತುಂಡಾಗಿ ಗುತ್ತಿಗೆಗೆ ಹೋಗುತ್ತದೆ. ಸೆಂಟ್ರಿಂಗ್‌ನವರಿಗೆ ಚದರ ಅಡಿಗೆ ಇಷ್ಟು, ಕಂಬಿ ಕಟ್ಟುವವರಿಗೆ ಟನ್ನಿಗೆ ಇಷ್ಟು, ಗಾರೆಯವರಿಗೆ ಚದರಕ್ಕೆ ಇಷ್ಟು, ಎಲೆಕ್ಟ್ರಿಷಿಯನ್‌ಗೆ ಪಾಯಿಂಟಿಗೆ ಇಷ್ಟು. ಈ ಪಟ್ಟಿಯಲ್ಲಿ ಮೊಳೆ ಕೀಳುವುದಕ್ಕೆ, ಚೂರು ಗುಡಿಸುವುದಕ್ಕೆ, ಕಂಬಿ ತುಂಡು ಆರಿಸುವುದಕ್ಕೆ ಸಾಲೇ ಇರುವುದಿಲ್ಲ. ಒಬ್ಬ ಸೆಂಟ್ರಿಂಗ್ ಮೇಸ್ತ್ರಿ ಇದನ್ನು ನನಗೆ ನೇರವಾಗಿಯೇ ಹೇಳಿದ: "ಸಾರ್, ನೀವು ಹಲಗೆ ಹೊಡೆದು ಬಿಚ್ಚುವುದಕ್ಕೆ ತಾನೇ ರೇಟು ಮಾತಾಡಿದ್ದು? ಮೊಳೆಗೆ ಬೇರೆ ಆಗುತ್ತದೆ." ಆತ ದುರಾಸೆಯವನಲ್ಲ. ಅರ್ಧ ದಿನ ಮೊಳೆ ಕೀಳುತ್ತಾ ಕೂತರೆ ಅವನ ಆರು ಜನರಿಗೆ ಶನಿವಾರದ ಬಟವಾಡೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಹೀಗೆ ಒಬ್ಬರ ಕಸ ಮತ್ತೊಬ್ಬರ ಕಾಲಿಗೆ ಬರುತ್ತದೆ. ಸೆಂಟ್ರಿಂಗ್‌ನವರ ಮೊಳೆ ಪ್ಲಂಬರನಿಗೆ, ಎಲೆಕ್ಟ್ರಿಷಿಯನ್ ಗೋಡೆ ಕೊರೆದ ಚೂರು ಮೆಟ್ಟಿಲು ಹತ್ತುವ ಹೆಂಗಸಿಗೆ, ಟೈಲ್ಸ್‌ನವರ ಬ್ಲೇಡಿನಂಥ ಚಕ್ಕೆ ಬಣ್ಣ ಬಳಿಯುವವನಿಗೆ. ತಾನು ಚೆಲ್ಲಿದ್ದು ತನಗೇ ಚುಚ್ಚುವುದಿದ್ದರೆ ಯಾರೂ ಬಿಟ್ಟುಹೋಗುತ್ತಿರಲಿಲ್ಲ.

ಚೂರು, ಮರಳು ಎಂದರೆ ಸಣ್ಣ ವಿಷಯ ಅನ್ನಿಸುತ್ತದೆ. ಮೆಟ್ಟಿಲ ಮೇಲೆ ಚೆಲ್ಲಿದ ಒಂದು ಹಿಡಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತೆಗೆದ ಮರಳು) ರಾಗಿ ಚೆಲ್ಲಿದ ಕಡಪ ಕಲ್ಲಿನಂತೆ ಕೆಲಸ ಮಾಡುತ್ತದೆ. ಅಂಗಾಲಿಗೂ ನೆಲಕ್ಕೂ ಇರಬೇಕಾದ ಹಿಡಿತದ ನಡುವೆ ಕಾಳುಗಳು ಉರುಳುತ್ತವೆ. ಕಟ್ಟುವ ಹಂತದಲ್ಲಿ ಮೆಟ್ಟಿಲಿಗೆ ರೇಲಿಂಗ್ ಇರುವುದಿಲ್ಲ. ಬಾಂಡ್ಲಿ ಹೊತ್ತವಳ ಕೈ ತಲೆಯ ಮೇಲಿರುತ್ತದೆ, ಕಾಲಡಿ ಕಾಣುವುದಿಲ್ಲ. ಮನೆಯಲ್ಲಿ ಜಾರಿದರೆ ಸೊಂಟ ನೋವು. ಇಲ್ಲಿ ಜಾರಿದರೆ ಒಂದು ಅಂತಸ್ತು ಕೆಳಗೆ.

ಮೇಲಿಂದ ಬೀಳುವುದು ಜನರಷ್ಟೇ ಅಲ್ಲ, ವಸ್ತುಗಳೂ ಬೀಳುತ್ತವೆ. ಐದನೇ ಅಂತಸ್ತಿನ ಅಂಚಿನಲ್ಲಿ ಯಾರೋ ಪ್ಲಾಸ್ಟಿಕ್ ಹಾಳೆ ಹಾರದಿರಲಿ ಎಂದು ಅರ್ಧ ಇಟ್ಟಿಗೆ ಇಟ್ಟಿರುತ್ತಾರೆ. ಗಾಳಿಗೆ ಹಾಳೆ ಎದ್ದರೆ ಇಟ್ಟಿಗೆ ಉರುಳುತ್ತದೆ. 15 ಮೀಟರ್ ಎತ್ತರದಿಂದ ಅದು ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ. ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ 60 ಕಿಲೋಮೀಟರ್ ದಾಟಿರುತ್ತದೆ. ಮೇಲಿದ್ದವನು ನೋಡಿ, ಕೂಗಿ, ಕೆಳಗಿದ್ದವನು ಕೇಳಿ, ಸರಿಯುವಷ್ಟು ಸಮಯ ಅದರಲ್ಲಿಲ್ಲ. ಹೆಲ್ಮೆಟ್ ಇದೆಯಲ್ಲ ಎನ್ನುತ್ತಾರೆ. ಹೆಲ್ಮೆಟ್ ಇರಲೇಬೇಕು, ಸಣ್ಣ ಪೆಟ್ಟನ್ನು ಅದು ತಡೆಯುತ್ತದೆ. ಐದು ಅಂತಸ್ತಿನಿಂದ ಬಂದ ಇಟ್ಟಿಗೆಯನ್ನು ತಡೆಯುವ ಭರವಸೆಯನ್ನು ಯಾವ ಹೆಲ್ಮೆಟ್ಟೂ ಕೊಡುವುದಿಲ್ಲ. ಆದ್ದರಿಂದ ಅಂಚಿನ ಸುತ್ತ ಗೇಣೆತ್ತರದ ಹಲಗೆ ಅಡ್ಡ ನಿಲ್ಲಿಸುವುದು, ಅಂಚಿನಿಂದ ಎರಡು ಮೀಟರ್ ಒಳಗಿನವರೆಗೆ ಯಾವ ಸಾಮಾನನ್ನೂ ಇಡದಿರುವುದು ನಾನು ಪಾಲಿಸಿಕೊಂಡು ಬಂದ ಲೆಕ್ಕ. ಕೆಳಗೆ ಇಳಿಸಬೇಕಾದ ಕಸವನ್ನು ಎಸೆಯುವ ಹಾಗಿಲ್ಲ. ತಳ ತೆಗೆದ ಡ್ರಮ್ಮುಗಳನ್ನು ಒಂದಕ್ಕೊಂದು ಜೋಡಿಸಿ ಕೊಳವೆಯಂತೆ ಇಳಿಬಿಟ್ಟು ಅದರೊಳಗೆ ಸುರಿಯಬೇಕು, ಬುಡಕ್ಕೆ ಬೇಲಿ ಕಟ್ಟಿರಬೇಕು.

ಸ್ವಚ್ಛ ಮಾಡುವ ಕೆಲಸವೇ ಪ್ರಾಣ ತೆಗೆಯುವ ಒಂದು ಸಂದರ್ಭವಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೇಳದೆ ಯಾರಿಗೂ ಹೊಳೆಯುವುದಿಲ್ಲ. ತಾರಸಿಯಲ್ಲಿ ಪೈಪುಗಳನ್ನು ಇಳಿಸಲು ಡಕ್ಟಿನ ಕಿಂಡಿ ಬಿಟ್ಟಿರುತ್ತಾರೆ, ಎರಡು ಅಡಿ ಅಗಲ, ಮೂರು ಅಡಿ ಉದ್ದ. ಯಾರೂ ಬೀಳದಿರಲಿ ಎಂದು ಅದರ ಮೇಲೆ ಒಂದು ಪ್ಲೈವುಡ್ ಹಾಳೆ ಮುಚ್ಚಿರುತ್ತಾರೆ. ಕೆಲವು ದಿನ ಕಳೆದು ಹಾಳೆಗೆ ಧೂಳು ಕೂತು, ಸುತ್ತ ಬಿದ್ದ ಇತರ ಹಾಳೆಗಳ ಜೊತೆ ಅದೂ ಒಂದಾಗುತ್ತದೆ. ಈ ಅಂತಸ್ತನ್ನು ಖಾಲಿ ಮಾಡಿ ಎಂದು ಹೇಳಿದಾಗ ಹೊಸ ಹುಡುಗನೊಬ್ಬ ಹಾಳೆಗಳನ್ನು ಎತ್ತುತ್ತಾ ಬರುತ್ತಾನೆ. ಈ ಹಾಳೆಯನ್ನೂ ಎರಡು ಕೈಯಲ್ಲಿ ಎತ್ತಿ ಎದೆಗೆ ಹಿಡಿದುಕೊಳ್ಳುತ್ತಾನೆ. ಹಾಗೆ ಹಿಡಿದವನಿಗೆ ಮುಂದಿನ ನೆಲ ಕಾಣುವುದಿಲ್ಲ. ಹೊರಡಲು ಒಂದು ಹೆಜ್ಜೆ ಮುಂದಿಡುತ್ತಾನೆ. ಅಲ್ಲಿ ನೆಲವಿಲ್ಲ.

ಅಮೆರಿಕದ ಅಪಘಾತ ತನಿಖಾ ವರದಿಗಳಲ್ಲೂ ಇದೇ ಕಥೆ ಮತ್ತೆ ಮತ್ತೆ ಸಿಗುತ್ತದೆ. ನನ್ನೆದುರಿಗೆ ನಡೆದ ದಿನ ಹುಡುಗನ ಒಂದು ಕಾಲು ತೊಡೆಯವರೆಗೆ ಇಳಿಯಿತು, ಅಷ್ಟೇ. ಕಿಂಡಿಯಲ್ಲಿ ಅಡ್ಡ ಹಾಯ್ದ ಕಂಬಿಗಳನ್ನು ಕಂಬಿ ಕಟ್ಟುವವನು ಕತ್ತರಿಸದೆ ಬಿಟ್ಟಿದ್ದ. ಅಂದಿನಿಂದ ಪೈಪು ಇಳಿಸುವ ದಿನದವರೆಗೆ ಡಕ್ಟಿನ ಕಂಬಿಯನ್ನು ನಾನು ಯಾರಿಗೂ ಕತ್ತರಿಸಲು ಬಿಡುವುದಿಲ್ಲ. ಮುಚ್ಚುವ ಹಾಳೆಯನ್ನು ನಾಲ್ಕು ಮೂಲೆಗೂ ಮೊಳೆ ಹೊಡೆದು ಬಿಗಿದು, ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಗುಣಿಸುವ ಗುರುತು ಹಾಕಿಸುತ್ತೇನೆ. ಬರಹಕ್ಕಿಂತ ಗುರುತು ಮೇಲು. ಒಂದೇ ಅಂತಸ್ತಿನಲ್ಲಿ ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಒಡಿಯಾ ಮಾತಾಡುವವರಿರುವಾಗ 'ಎಚ್ಚರಿಕೆ' ಎಂಬ ಅಚ್ಚ ಕನ್ನಡದ ಫಲಕ ಅರ್ಧ ಜನಕ್ಕೆ ಬರೀ ಚಿತ್ತಾರ.

ಅಚ್ಚುಕಟ್ಟು ಎಂದರೆ ಗುಡಿಸುವುದು ಎಂದಷ್ಟೇ ತಿಳಿದವರು ಹೆಚ್ಚು. ಏನನ್ನು ಎಲ್ಲಿ, ಎಷ್ಟು ಎತ್ತರಕ್ಕೆ ಪೇರಿಸಿದ್ದೀರಿ ಎಂಬುದು ಅದಕ್ಕಿಂತ ದೊಡ್ಡ ಭಾಗ. ಸಾಮಾನು ಪೇರಿಸುವುದಕ್ಕೆಂದೇ ಭಾರತೀಯ ಮಾನಕವೊಂದಿದೆ, ಐಎಸ್ 4082. ಸಿಮೆಂಟ್ ಮೂಟೆಗಳನ್ನು ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಹತ್ತು ಮೂಟೆಗಿಂತ ಎತ್ತರವಾಗದಂತೆ ಇಡಬೇಕು. ಎಂಟು ಮೂಟೆ ದಾಟಿದರೆ ಒಂದು ಸಾಲು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಹಾಕಿ ಕಟ್ಟಿಕೊಳ್ಳುವಂತೆ ಮಾಡಬೇಕು. ಇಟ್ಟಿಗೆಯ ಅಟ್ಟಿಗೆ 50 ಇಟ್ಟಿಗೆ ಉದ್ದ, 10 ಇಟ್ಟಿಗೆ ಎತ್ತರ, ನಾಲ್ಕಕ್ಕಿಂತ ಹೆಚ್ಚಿಲ್ಲದ ಅಗಲ. ಇದರಲ್ಲಿ ಅರ್ಧ ಸಿಮೆಂಟ್ ಗಟ್ಟಿಯಾಗದಿರಲಿ, ಎಣಿಸಲು ಸುಲಭವಾಗಲಿ ಎಂಬ ಕಾಳಜಿ. ಇನ್ನರ್ಧ, ಪಕ್ಕದಲ್ಲಿ ನಿಂತವನ ಮೇಲೆ ಅಟ್ಟಿ ಒರಗದಿರಲಿ ಎಂಬುದು.

ಎಲ್ಲಿ ಪೇರಿಸಿದ್ದೀರಿ ಎಂಬ ಪ್ರಶ್ನೆಗೆ ಒಂದು ಸಣ್ಣ ಲೆಕ್ಕ ಸಾಕು. ವಾಸದ ಮನೆಯ ತಾರಸಿಯನ್ನು ಜನ, ಸಾಮಾನುಗಳ ಲೆಕ್ಕಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡುತ್ತಾರೆ. 50 ಕಿಲೋದ ಒಂದು ಸಿಮೆಂಟ್ ಮೂಟೆ ಹಿಡಿಯುವ ಜಾಗ ಹತ್ತಿರ ಹತ್ತಿರ ಮೂರು ಚದರ ಅಡಿ. ವಿನ್ಯಾಸದ ಲೆಕ್ಕದಲ್ಲಿ ಆ ಜಾಗ ಹೊರಬಹುದಾದ ಭಾರ ಸುಮಾರು 60 ಕಿಲೋ. ಹತ್ತು ಮೂಟೆ ಪೇರಿಸಿದರೆ 500 ಕಿಲೋ. ಒಂದು ಅಟ್ಟಿ ಇಟ್ಟ ಕೂಡಲೇ ತಾರಸಿ ಬೀಳುವುದಿಲ್ಲ, ಸುತ್ತಲಿನ ಭಾಗ ಹೆಗಲು ಕೊಡುತ್ತದೆ. ಆದರೆ 'ಮಳೆ ಬರುತ್ತಿದೆ, ಎಲ್ಲವನ್ನೂ ಮೇಲಿನ ಹಾಲಿಗೆ ಹಾಕಿ' ಎಂದಾಗ ಗೋಡೆಯಿಂದ ಗೋಡೆಗೆ ಅಟ್ಟಿ ಬಿದ್ದಿರುತ್ತದೆ. ಆರು ಇಂಚಿನ ಸಾಲಿಡ್ ಬ್ಲಾಕನ್ನು ಒಂದು ಮೀಟರ್ ಎತ್ತರಕ್ಕೆ ಪೇರಿಸಿದರೆ ಚದರ ಮೀಟರಿಗೆ ಎರಡು ಟನ್ ಆಸುಪಾಸು, ಅಂದರೆ ಹತ್ತು ಪಟ್ಟು. ಅದೂ ಕಾಂಕ್ರೀಟು ಇನ್ನೂ ಪೂರ್ತಿ ಬಲಿಯದ, ಆಸರೆಯ ಜಾಕಿ ಆಗ ತಾನೇ ತೆಗೆದ ತಾರಸಿಯ ಮೇಲೆ. ತೊಲೆಯ ಹತ್ತಿರ, ಕಂಬದ ಸುತ್ತ, ತಗ್ಗಾಗಿ, ಹರಡಿ ಇಡಿ ಎಂದು ಇಂಜಿನಿಯರ್ ಹೇಳಿದರೆ ಅದು ಚಂದಕ್ಕೆ ಹೇಳಿದ ಮಾತಲ್ಲ.

ಪಾಯ ತೋಡುವಾಗ ಇದೇ ಲೆಕ್ಕ ತಲೆಕೆಳಗಾಗಿ ಬರುತ್ತದೆ. ತೆಗೆದ ಮಣ್ಣನ್ನು ಗುಂಡಿಯ ಬಾಯಿಗೇ ರಾಶಿ ಹಾಕುವುದು ಎಲ್ಲರಿಗೂ ಅನುಕೂಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಅದು ಗುಂಡಿಯ ಗೋಡೆಯನ್ನು ಒಳಕ್ಕೆ ದೂಡುತ್ತಲೇ ಇರುತ್ತದೆ. ಅಂಚಿನಿಂದ ಒಂದೂವರೆ ಮೀಟರ್, ಇಲ್ಲವೇ ಗುಂಡಿಯ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಮಣ್ಣನ್ನು ಸರಿಸಬೇಕು ಎನ್ನುತ್ತದೆ ಅಗೆತದ ಸುರಕ್ಷತೆಯ ಮಾನಕ. ಬೆಂಗಳೂರಿನ 30×40 ಸೈಟಿನಲ್ಲಿ ಸರಿಸುವುದು ಎಲ್ಲಿಗೆ? ಪಕ್ಕದ ಮನೆಯ ಗೋಡೆಗೆ, ಇಲ್ಲವೇ ರಸ್ತೆಗೆ. ಹೀಗಾಗಿಯೇ ನಮ್ಮ ಬಡಾವಣೆಗಳ ರಸ್ತೆಗಳಲ್ಲಿ ಜಲ್ಲಿ, ಎಂ-ಸ್ಯಾಂಡ್ ಹರಡಿಕೊಂಡು ರಾತ್ರಿ ಬೈಕಿನವರು ಜಾರುವುದು. ಕಟ್ಟಡ ತ್ಯಾಜ್ಯವನ್ನು ಆವರಣದೊಳಗೇ ಇಟ್ಟುಕೊಳ್ಳಬೇಕು, ಸಂಚಾರಕ್ಕೆ, ಚರಂಡಿಗೆ ಅಡ್ಡವಾಗುವಂತೆ ಸುರಿಯಬಾರದು ಎಂದು 2016ರ ಕೇಂದ್ರ ನಿಯಮಗಳೇ ಹೇಳಿದ್ದವು. ಉಳಿದದ್ದು ಒಂದೇ ದಾರಿ: ತೆಗೆದ ಮಣ್ಣು ಅಂದೇ ಲಾರಿ ಹತ್ತಬೇಕು, ಸಾಮಾನು ವಾರಕ್ಕೆ ಬೇಕಾದಷ್ಟೇ ಬರಬೇಕು. ಜಾಗ ಸಣ್ಣದಾದಷ್ಟೂ ತರಿಸುವ ಯೋಜನೆ ಬಿಗಿಯಾಗಬೇಕು. ನಮ್ಮಲ್ಲಿ ಆಗುವುದು ಇದರ ತಿರುಗುಮುರುಗು. 'ರೇಟು ಏರುತ್ತದೆ' ಎಂದು ಎರಡು ತಿಂಗಳ ಮರಳು ಒಂದೇ ಸಲ ಬಂದು ಬೀಳುತ್ತದೆ.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ಲಗ್ಗಿಲ್ಲದ ವೈರಿನ ತುದಿ ಸುಲಿದು, ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡಿದ್ದನ್ನು ನೋಡದ ಸೈಟ್ ಇಂಜಿನಿಯರ್ ಇಲ್ಲ. ಆ ವೈರು ಕ್ಯೂರಿಂಗ್ ನೀರಿನ (ಕಾಂಕ್ರೀಟು ಬಲಿಯಲೆಂದು ನಿಲ್ಲಿಸಿದ ನೀರಿನ) ಮೇಲೆ ಹಾಯ್ದು, ಹಲಗೆಗಳ ಅಡಿಯಲ್ಲಿ ನುಸುಳಿ, ಕಟಿಂಗ್ ಮಷೀನಿಗೆ ಹೋಗಿರುತ್ತದೆ. ವೈರನ್ನು ತಲೆಯೆತ್ತರಕ್ಕೆ ಗೋಡೆಗೆ ಕೊಕ್ಕೆ ಹಾಕಿ ತೂಗುಬಿಡುವುದು, ಬೋರ್ಡಿಗೆ, ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕುವುದು, ಇವೆರಡಕ್ಕೂ ಸೇರಿ ಆಗುವ ಖರ್ಚು ಗೃಹಪ್ರವೇಶದ ಹೂವಿನ ಅಲಂಕಾರಕ್ಕಿಂತ ಕಡಿಮೆ.

ಕ್ಯೂರಿಂಗ್ ನೀರಿನಲ್ಲಿ ಇನ್ನೊಂದು ಇಕ್ಕಟ್ಟಿದೆ. ತಾರಸಿಯ ಮೇಲೆ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸುತ್ತೇವೆ; ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ತೆಗೆದುಕೊಳ್ಳುವುದೂ ಹೆಚ್ಚುಕಡಿಮೆ 7ರಿಂದ 10 ದಿನವೇ. ಕಾಂಕ್ರೀಟಿಗೆ ಬೇಕಾದಷ್ಟು ಕಾಲವೇ ಸೊಳ್ಳೆಗೂ ಸಾಕು. ಒದ್ದೆ ಗೋಣಿ ಹೊದಿಸಿದರೆ, ಅಥವಾ ಐದಾರು ದಿನಕ್ಕೊಮ್ಮೆ ನೀರನ್ನು ಪೂರ್ತಿ ಬಸಿದು ಹೊಸದಾಗಿ ನಿಲ್ಲಿಸಿದರೆ ಕಾಂಕ್ರೀಟಿಗೇನೂ ನಷ್ಟವಿಲ್ಲ. ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ಸಂಪು, ಮೂಲೆಯ ಡ್ರಮ್ಮುಗಳ ಕಥೆ ಬೇರೆ. ಅವು ತಿಂಗಳುಗಟ್ಟಲೆ ಹಾಗೇ ಇರುತ್ತವೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದಾಗ ನಿರ್ಮಾಣ ಸ್ಥಳಗಳನ್ನು ಹೆಸರಿಸಿಯೇ ದಂಡ ನಿಗದಿ ಮಾಡಿತು. ಆ ಸೊಳ್ಳೆ ಮೊದಲು ಕಚ್ಚುವುದು ಶೆಡ್ಡಿನಲ್ಲಿ ಮಲಗಿದ ಮಕ್ಕಳನ್ನು.

ದೊಡ್ಡ ಕಂಪನಿಗಳ ಸೈಟುಗಳಲ್ಲಿ ಈಗ ಗೋಡೆಯ ಮೇಲೆ ಜಪಾನಿನ ಐದು ಪದಗಳ ಫಲಕ ಇರುತ್ತದೆ: ಬೇಡದ್ದನ್ನು ತೆಗೆ, ಬೇಕಾದ್ದಕ್ಕೆ ಜಾಗ ಮಾಡು, ಶುಚಿ ಮಾಡು, ಅದನ್ನೇ ಪದ್ಧತಿ ಮಾಡು, ಬಿಡದೆ ಪಾಲಿಸು. ಒಳ್ಳೆಯದೇ. ಆದರೆ ಅದು ಬೆಳೆದದ್ದು ಕಾರ್ಖಾನೆಯಲ್ಲಿ. ಅಲ್ಲಿ ಯಂತ್ರ ನಿಂತಲ್ಲೇ ಇರುತ್ತದೆ, ಸರಕು ಮುಂದೆ ಸಾಗುತ್ತದೆ. ಸ್ಪ್ಯಾನರ್ ಇಡುವ ಜಾಗಕ್ಕೆ ಒಮ್ಮೆ ಗೆರೆ ಎಳೆದರೆ ಹತ್ತು ವರ್ಷ ನಡೆಯುತ್ತದೆ. ಕಟ್ಟಡದಲ್ಲಿ ಸರಕು ನಿಂತಿರುತ್ತದೆ, ಉಳಿದವರೆಲ್ಲ ಅದರ ಸುತ್ತ ಓಡಾಡುತ್ತಾರೆ. ಇಂದಿನ ದಾರಿ ನಾಳೆ ಗೋಡೆ. ಹಾಗಾಗಿ ಇಲ್ಲಿ ಗೆರೆಯನ್ನು ವಾರವಾರ ಎಳೆಯಬೇಕು. ನಾನು ಸೋಮವಾರ ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಮೂರು ಅಡಿ ಅಗಲದ ದಾರಿ ಹಾಕಿಸುತ್ತೇನೆ, ಗೇಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಕೆಲಸ ನಡೆಯುವ ಜಾಗಕ್ಕೆ. ಕಬಡ್ಡಿ ಅಂಕಣದ ಗೆರೆಯಂತೆ ಅದು ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ. ಗೆರೆಯೊಳಗೆ ಏನನ್ನೂ ಇಡುವಂತಿಲ್ಲ. ಕುಡಿಯುವ ನೀರಿನ ಬಿಂದಿಗೆಯೂ ಆಚೆಗೇ.

ಧೂಳನ್ನು ಗುಡಿಸುವಾಗ ಮೊದಲು ನೀರು ಚಿಮುಕಿಸಬೇಕು. ಗ್ರಾನೈಟ್, ಕಾಂಕ್ರೀಟ್ ಕೊಯ್ದ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳಿರುತ್ತವೆ. ಒಣಗಿದ್ದಾಗ ಗುಡಿಸಿದರೆ ನೆಲದ ಮೇಲಿದ್ದದ್ದು ಶ್ವಾಸಕೋಶಕ್ಕೆ ಸಾಗುತ್ತದೆ, ಅಲ್ಲಿಂದ ವಾಪಸು ಬರುವುದಿಲ್ಲ. ಹಳ್ಳಿಯ ಅಂಗಳ ಗುಡಿಸುವ ಮುನ್ನ ನೀರು ಹಾಕುವ ನಮ್ಮ ಹೆಂಗಸರಿಗೆ ಇದನ್ನು ಕಲಿಸಬೇಕಾಗಿಲ್ಲ, ನೀರಿನ ಕೊಳಾಯಿ ಹತ್ತಿರ ಇರಬೇಕು ಅಷ್ಟೇ.

ವರ್ಷಕ್ಕೊಂದು ದಿನ ನಮ್ಮ ಸೈಟುಗಳೆಲ್ಲ ಕನ್ನಡಿಯಂತೆ ಇರುತ್ತವೆ. ಆಯುಧಪೂಜೆಯ ಹಿಂದಿನ ಸಂಜೆ ಯಾರೂ ಹೇಳದೆ ಕರಣೆಗಳು ತೊಳೆದು ಸಾಲಾಗಿ ಕೂರುತ್ತವೆ, ಗುದ್ದಲಿ ಹಾರೆಗಳು ಒಂದು ಕಡೆ ಸೇರುತ್ತವೆ, ಮಿಕ್ಸರಿನ ಹೊಟ್ಟೆಯ ಹಳೆಯ ಗಾರೆ ಕೆತ್ತಿ ತೆಗೆಯಲಾಗುತ್ತದೆ, ನೆಲ ಗುಡಿಸಿ ನೀರು ಬೀಳುತ್ತದೆ. ಅಂದು ಆ ಕೆಲಸಕ್ಕೆ ಕೂಲಿ ಇರುತ್ತದೆ, ಮೇಲೆ ಭಕ್ಷೀಸು, ಮಂಡಕ್ಕಿ, ಬೂದುಗುಂಬಳ. ಆ ಸಂಜೆಯ ಲೆಕ್ಕವನ್ನು ನಾನೊಮ್ಮೆ ಬರೆದಿಟ್ಟೆ. ಇಪ್ಪತ್ತು ಜನ, ತಲಾ ಅರ್ಧ ಗಂಟೆಯ ಕೆಲಸ. ಒಟ್ಟು ಹತ್ತು ಗಂಟೆ, ಒಬ್ಬ ಆಳಿನ ಒಂದೂಕಾಲು ದಿನದ ಕೂಲಿ. ಬೆಳಿಗ್ಗೆ ಬಂದವರು ಸುತ್ತಿಗೆ ಎಲ್ಲಿ, ಮಟ್ಟಗೋಲು ಎಲ್ಲಿ ಎಂದು ಹುಡುಕುವುದರಲ್ಲೇ ಅದಕ್ಕಿಂತ ಹೆಚ್ಚು ಹೋಗುತ್ತದೆ ಎಂಬುದು ನನ್ನ ಅನುಭವ.

ಕಾನೂನು ಇದೆಯಲ್ಲ ಎಂದು ಕೇಳಬಹುದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕೆಲಸಕ್ಕೆ ಅನ್ವಯಿಸುತ್ತಿತ್ತು; 500 ಜನರಿದ್ದರೆ ಸುರಕ್ಷತಾ ಸಮಿತಿ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಕಟ್ಟಡ ಕೆಲಸಕ್ಕೆ ಹತ್ತರ ಗೆರೆ ಉಳಿದಿದೆ. ಮನೆ ಕೆಲಸದಲ್ಲಿ ಇಂದು ಆರು ಜನ ಸೆಂಟ್ರಿಂಗ್‌ನವರು, ಮುಂದಿನ ವಾರ ಎಂಟು ಜನ ಗಾರೆಯವರು. ಹತ್ತು ಎಂದೂ ತುಂಬುವುದೇ ಇಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರಲ್ಲಿ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರಲ್ಲಿ ಆದಂತೆ ಇಡೀ ಕಟ್ಟಡವೇ ಕುಸಿದರೆ ಅಧಿಕಾರಿಗಳು ಬರುತ್ತಾರೆ, ಸುದ್ದಿಯಾಗುತ್ತದೆ. ಮೊಳೆ ತುಳಿದವನನ್ನು ಯಾರೂ ಎಣಿಸುವುದಿಲ್ಲ.

ಆದ್ದರಿಂದ ನಾನು ದರಪಟ್ಟಿಗೇ ಕೈ ಹಾಕಿದೆ. ಮೊಳೆಗೆ ಬೇರೆ ಆಗುತ್ತದೆ ಎಂದಿದ್ದ ಮೇಸ್ತ್ರಿಯನ್ನು ಕೂರಿಸಿಕೊಂಡು, ಎಷ್ಟಾಗುತ್ತದೆ ಹೇಳು ಎಂದೆ. ಚದರ ಅಡಿಗೆ ಎರಡು ರೂಪಾಯಿ ಕೇಳಿದ. ಮನೆಯ ಯಜಮಾನರು ಗೊಣಗುತ್ತಲೇ ಒಪ್ಪಿದರು. ಚೀಟಿಯಲ್ಲಿ ಎರಡು ಸಾಲು ಸೇರಿತು: ಮೊಳೆ ಕಿತ್ತು, ಹಲಗೆ ಅಟ್ಟಿ ಹಾಕಿ, ನೆಲ ಗುಡಿಸಿ ಒಪ್ಪಿಸಬೇಕು, ಮುಂದೆ ಕೆಲಸಕ್ಕೆ ಬರುವ ತಂಡದ ಮೇಸ್ತ್ರಿ ನೋಡಿ ಸೈ ಎಂದ ಮೇಲೆ ಕೊನೆಯ ಕಂತು. ಕಿತ್ತ ಮೊಳೆಗಳು ಹಳೆಯ ಬಣ್ಣದ ಡಬ್ಬಿಗೆ ಬೀಳಬೇಕು, ಗುಜರಿಯ ದುಡ್ಡು ಹುಡುಗರ ಚಹಾಕ್ಕೆ.

ಮೊದಲನೇ ತಾರಸಿ ಬಿಚ್ಚಿದ ದಿನ ಸಂಜೆ ಪ್ಲಂಬರ್ ಮೇಸ್ತ್ರಿ ಬಂದ. ನೆಲ ಗುಡಿಸಿತ್ತು, ಹಲಗೆಗಳು ಗೋಡೆಗೆ ಅಟ್ಟಿಯಾಗಿದ್ದವು. ಆತ ಹಾಲು, ಅಡುಗೆಮನೆ, ಎರಡೂ ಕೋಣೆ ಸುತ್ತಿ ಬಂದು, ಅಟ್ಟಿಯ ತಳದಿಂದ ಒಂದು ಹಲಗೆ ಎಳೆದು ಮಗುಚಿದ. ಎರಡು ಮೊಳೆ.

"ಇನ್ನೂ ಆಗಿಲ್ಲ" ಎಂದ.

ಸೆಂಟ್ರಿಂಗ್ ಮೇಸ್ತ್ರಿ ನನ್ನ ಕಡೆ ನೋಡಿದ. ನಾನು ಏನೂ ಹೇಳಲಿಲ್ಲ. ಹುಡುಗನನ್ನು ಕೂಗಿ ಸುತ್ತಿಗೆ ತರಿಸಿಕೊಂಡ.